ಮಿಷಿಗನ್ ದಾಟದ ಕಣಿವೆ ಪ್ರವಾಸ

ಏಳು ವರ್ಷ ನಾನು ಮಾಡಿದ ಕೆಲಸವೆಂದರೆ ಕಾರಿನ ಸೀಟಿನ ಮೇಲೆ ರಬ್ಬರಿನ ಕುಂಡೆಯೊಂದನ್ನು ಕೂರಿಸುವುದು, ಎಬ್ಬಿಸುವುದು. ತಮಾಷೆ ಮಾಡುತ್ತಿಲ್ಲ. ಯಂತ್ರದ ತೋಳಿನ ತುದಿಗೆ ದಪ್ಪ ಮನುಷ್ಯನೊಬ್ಬನ ಹಿಂಭಾಗದ ಅಚ್ಚು ಇರುತ್ತಿತ್ತು. ಅದು ಕೂರಬೇಕು, ಸ್ವಲ್ಪ ಹೊರಳಾಡಬೇಕು, ಏಳಬೇಕು, ಮತ್ತೆ ಕೂರಬೇಕು. ಹೀಗೆ ಸಾವಿರಾರು ಸಲ. ಜನ ಕೂತು ಕೂತು ಹತ್ತು ವರ್ಷಕ್ಕೆ ಸವೆಯುವ ಸೀಟು ನಮ್ಮ ಲ್ಯಾಬಿನಲ್ಲಿ ಕೆಲವೇ ವಾರಗಳಲ್ಲಿ ಸವೆಯುತ್ತಿತ್ತು. ಎಲ್ಲಿ ಹರಿಯಿತು, ಯಾಕೆ ಹರಿಯಿತು ಎಂದು ನೋಡಿ ವರದಿ ಬರೆಯುವವಳು ನಾನು. ಬೆಟಗೇರಿಯಲ್ಲಿ ನಮ್ಮವ್ವ ಓಣಿಯ ಹೆಂಗಸರಿಗೆ, 'ನನ್ನ ಮಗಳು ಅಮೆರಿಕಾದಾಗ ಕುರ್ಚಿ ಪರೀಕ್ಷಾ ಮಾಡ್ತಾಳ' ಎಂದು ಹೇಳುತ್ತಿದ್ದಳು. ಅವರು ಅದೇನೋ ದೊಡ್ಡ ಪರೀಕ್ಷೆ ಇರಬೇಕೆಂದು ತಿಳಿದಿದ್ದರು. ನನ್ನ ಮಟ್ಟಿಗೆ ದೊಡ್ಡದೇ.

ನಮ್ಮ ಮನೆತನದಲ್ಲಿ ಡಿಗ್ರಿ ಎನ್ನುವುದನ್ನು ಮೊದಲು ಕಂಡವಳು ನಾನು. ಅವ್ವ ಮಗ್ಗದವರಿಗೆ ನೂಲಿನ ಕಂಡಿಕೆ ಸುತ್ತಿಕೊಡುತ್ತಿದ್ದಳು. ಅಪ್ಪ ಸೀರೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿ ಬಿಟ್ಟುಹೋದ ಸೀರೆಗಳನ್ನು ಮಡಚಿಡುತ್ತಿದ್ದ. ನಾನು ಡಿಪ್ಲೊಮಾ ಮುಗಿಸಿ, ನೇರವಾಗಿ ಎರಡನೆಯ ವರ್ಷದ ಬಿ.ಇ.ಗೆ ಸೇರಿ, ಗಣಿತದಲ್ಲಿ ಒಮ್ಮೆ ಫೇಲಾಗಿ, ಮತ್ತೆ ಬರೆದು ಮೆಕ್ಯಾನಿಕಲ್ ಎಂಜಿನಿಯರ್ ಆದೆ. ವರ್ಕ್‌ಶಾಪಿನ ಮೇಷ್ಟ್ರು, ಜಡೆ ಸಿಕ್ಕಿಕೊಂಡೀತು ಎಂದು ಲೇತ್ ಯಂತ್ರದ ಹತ್ತಿರ ಬಿಡದೆ ಹಾಜರಿ ಪುಸ್ತಕ ಹಿಡಿದುಕೊಳ್ಳಲು ಹೇಳಿದ್ದರು. ಮರುದಿನ ತುರುಬು ಕಟ್ಟಿ, ಮೇಲೆ ಅಪ್ಪನ ಬಿಳಿ ಟೊಪ್ಪಿಗೆ ಹಾಕಿಕೊಂಡು ಹೋದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ಲೇತ್ ನಡೆಸಿದೆ.

ಇಂಥವಳ ಕೆಲಸ ಎರಡು ಸಾವಿರದ ಒಂಬತ್ತರ ಫೆಬ್ರವರಿಯಲ್ಲಿ ಹೋಯಿತು. ಡೆಟ್ರಾಯ್ಟ್ ಸುತ್ತಮುತ್ತ ಆಗ ಕಾರುಗಳನ್ನು ಕೊಳ್ಳುವವರೇ ಇರಲಿಲ್ಲ. ಕಾರು ಕೊಳ್ಳದಿದ್ದರೆ ಸೀಟು ಯಾಕೆ, ಸೀಟು ಇಲ್ಲದಿದ್ದರೆ ಕುಂಡೆ ಯಾಕೆ. ನನ್ನನ್ನು ಕಾನ್ಫರೆನ್ಸ್ ರೂಮಿಗೆ ಕರೆದು ಐದು ನಿಮಿಷ ಮಾತಾಡಿ ಒಂದು ಖಾಲಿ ಡಬ್ಬ ಕೊಟ್ಟರು. ಡಬ್ಬ ಹಿಡಿದು ಹೊರಬರುವಾಗ ಲ್ಯಾಬಿನಲ್ಲಿ ಯಂತ್ರ ಇನ್ನೂ ಕೂರುತ್ತಾ ಏಳುತ್ತಾ ಇತ್ತು. ಕಂಪನಿ ಮೂಲಕ ಲೀಸಿಗೆ ತೆಗೆದುಕೊಂಡ ಕಾರನ್ನೂ ವಾಪಸು ಕೊಡಬೇಕಾಯಿತು. ನಾವಿದ್ದ ಟ್ರಾಯ್‌ನಂಥ ಊರಿನಲ್ಲಿ ಕಾರಿಲ್ಲದವಳೆಂದರೆ ಕಾಲಿಲ್ಲದವಳು.

ಗಂಡನ ಕೆಲಸ ಉಳಿದಿತ್ತು. ಅವರು ಮೈಸೂರಿನವರು, ಅಲ್ಲೇ ಟ್ರಾಯ್‌ನಲ್ಲಿ ಒಂದು ಐಟಿ ಆಫೀಸಿನಲ್ಲಿದ್ದರು. ಎಲ್ಲರಿಗೂ ಹೇಳಿಬಿಡು, ಯಾರಾದರೂ ಎಲ್ಲಾದರೂ ರೆಫರ್ ಮಾಡುತ್ತಾರೆ ಎಂದರು. ನಾನೂ ಹಾಗೇ ಅಂದುಕೊಂಡು ಭಾನುವಾರ ದೇವಸ್ಥಾನಕ್ಕೆ ಹೋದೆ. ಊಟದ ಸಾಲಿನಲ್ಲಿ ನನ್ನ ಮುಂದೆ ಒಬ್ಬಾಕೆ ನಿಂತಿದ್ದಳು, ಅವಳೂ ಎಂಜಿನಿಯರು, ಅವಳ ಕೆಲಸ ಅದೇ ವಾರ ಹೋಗಿತ್ತು. ಅದನ್ನು ಕೇಳಿದ ಹೆಂಗಸರು ಅವಳಿಗೆ ಹೆಚ್ಚುಕಮ್ಮಿ ಅಭಿನಂದನೆ ಹೇಳಿದರು. ಒಳ್ಳೆಯದೇ ಆಯಿತು, ಇನ್ನಾದರೂ ಆರಾಮಾಗಿರು ಎಂದಳು ಒಬ್ಬಳು. ಮಕ್ಕಳು ಮಾಡಿಕೊಳ್ಳಲು ಇದೇ ಸರಿಯಾದ ಸಮಯ ಎಂದಳು ಇನ್ನೊಬ್ಬಳು. ಎರಡು ಮಾರು ಆಚೆ, ಕೆಲಸ ಕಳೆದುಕೊಂಡ ಗಂಡಸೊಬ್ಬನ ಸುತ್ತ ನಾಲ್ಕು ಜನ ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ನಿಂತು, ರೆಸ್ಯೂಮೆ ಕಳಿಸಿ, ನೋಡೋಣ ಎನ್ನುತ್ತಿದ್ದರು.

ಆ ಸಾಲಿನಲ್ಲೇ ನಿರ್ಧರಿಸಿದೆ. ನಿನ್ನ ಆಫೀಸು ಹೇಗಿದೆ ಎಂದು ಕೇಳಿದವರಿಗೆ, ವಾರಕ್ಕೆ ಒಂದು ದಿನ ಹೋದರೆ ಸಾಕು, ಉಳಿದದ್ದು ಮನೆಯಿಂದಲೇ ಎಂದೆ. ಕಾರಿನಲ್ಲಿ ಕೂತ ಮೇಲೆ ಗಂಡ ಕೇಳಿದರು: "ಮನೆಯಿಂದ್ಲೇ ಅಂದ್ರೆ? ರಬ್ಬರ್ ಕುಂಡೇನೂ ಮನೆಗೆ ತಂದಿಟ್ಕೊಂಡಿದೀಯಾ?"

ಹೀಗೆ ಸುಳ್ಳು ಹೇಳಿ ಮನೆಯಲ್ಲಿ ಕೂತವಳಿಗೆ ಏಪ್ರಿಲ್‌ನಲ್ಲಿ ಅಂಕಲ್ ಫೋನ್ ಬಂತು. ಅಂಕಲ್ ಎಂದರೆ ನಮ್ಮಿಂದ ಅರ್ಧ ತಾಸಿನ ದೂರದ ನೋವೈನಲ್ಲಿದ್ದ, ನಮಗೆಲ್ಲ ಹಿರಿಯರಾದ ಮೈಸೂರು ಕಡೆಯವರು. ಮೂವತ್ತು ವರ್ಷ ಕಾರು ಉದ್ಯಮದ ಕ್ವಾಲಿಟಿ ವಿಭಾಗದಲ್ಲಿ ಪಳಗಿದವರು. ಅವರು ಶಿಕಾಗೋ ಪಕ್ಕದ ನೇಪರ್‌ವಿಲ್‌ನಿಂದ ಒಂದು ಹಳೆಯ ಕ್ಯಾಂಪರ್ ವ್ಯಾನ್ ಕೊಂಡು, ಐದು ತಾಸು ತಾವೇ ಡ್ರೈವ್ ಮಾಡಿ ತಂದಿದ್ದರು. ಜುಲೈನಲ್ಲಿ ಎರಡು ವಾರ ಯೂಟಾ, ಅರಿಜೋನಾಗಳ ಮರುಭೂಮಿ ಕಣಿವೆಗಳಿಗೆ ಹೋಗುವುದು, ವ್ಯಾನಿನೊಳಗೇ ಅಡುಗೆ, ಅದರೊಳಗೇ ನಿದ್ದೆ. ಅಂಕಲ್, ಆಂಟಿ, ನಾನು, ನನ್ನ ಗಂಡ ವ್ಯಾನಿನಲ್ಲಿ. ಇನ್ನಿಬ್ಬರು ಎಂಜಿನಿಯರುಗಳು ಹಿಂದೆ ಕಾರಿನಲ್ಲಿ ಬಂದು ಟೆಂಟು ಹಾಕುವವರು. ಆ ಇಬ್ಬರ ಹೆಂಡಿರು, ಇದಕ್ಕಿಂತ ಏಳನೆಯ ಸಲ ನಯಾಗರಾ ನೋಡುತ್ತೇವೆ ಎಂದು ಹೇಳಿ ಪ್ರವಾಸದಿಂದ ಹೊರಗುಳಿದಿದ್ದರು.

ಆ ಇಬ್ಬರಲ್ಲಿ ಒಬ್ಬರು ದಾವಣಗೆರೆಯವರು, ಬ್ರೇಕಿನ ಎಂಜಿನಿಯರ್. ಇನ್ನೊಬ್ಬರು ಬೆಂಗಳೂರಿನ ಜಯನಗರದವರು, ವೈರಿಂಗ್ ಡಿಸೈನ್ ಮಾಡುವವರು. ಪ್ಲಾನಿಂಗ್ ಮೀಟಿಂಗ್ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಎಂದು ಅಂಕಲ್ ಹೇಳಿದರು. ನಾವು ಮೂವರೂ, ಆಗಬಹುದು ಎಂದೆವು.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಜನ ಎಂಜಿನಿಯರುಗಳು ಬಿಡುವಾಗಿ ಸಿಗುವುದು ಹೇಗೆ ಎಂದು ಈಗ ಓದುವವರಿಗೆ ಅನ್ನಿಸುತ್ತದೆ. ನನಗೆ ಅನ್ನಿಸಲಿಲ್ಲ. ನನ್ನದನ್ನು ಮುಚ್ಚಿಡುವ ಗಡಿಬಿಡಿಯಲ್ಲಿ ಬೇರೆಯವರದನ್ನು ನೋಡಲು ನನಗೆ ಪುರುಸೊತ್ತಿರಲಿಲ್ಲ. ಅಂಕಲ್, ಬಾಕಿ ಉಳಿದ ರಜೆ ಖಾಲಿ ಮಾಡುತ್ತಿದ್ದೇನೆ ಎಂದಿದ್ದರು. ದಾವಣಗೆರೆಯವರ ಪ್ರಾಜೆಕ್ಟು ಹೋಲ್ಡ್‌ನಲ್ಲಿತ್ತಂತೆ. ಜಯನಗರದವರು ಯಾವಾಗಲೂ ಕೊರಳಿಗೆ ಹೆಡ್‌ಸೆಟ್ ಹಾಕಿಕೊಂಡೇ ಬರುತ್ತಿದ್ದರು. ಕಾಲ್‌ನಲ್ಲಿದ್ದೇನೆ, ಮ್ಯೂಟ್ ಮಾಡಿದ್ದೇನೆ ಎನ್ನುತ್ತಿದ್ದರು. ಅವರು ಮ್ಯೂಟಿನಲ್ಲೇ ಎರಡೆರಡು ತಾಸು ಇದ್ದು, ಎರಡು ತಟ್ಟೆ ಬಿಸಿಬೇಳೆಬಾತ್ ತಿಂದು ಹೋಗುತ್ತಿದ್ದರು.

ವ್ಯಾನು ನೋವೈನ ಅಂಕಲ್ ಮನೆಯ ಮುಂದಿನ ಡ್ರೈವ್‌ವೇಯಲ್ಲಿ ಮೂರು ದಿನ ನಿಂತಿತ್ತೋ ಇಲ್ಲವೋ, ಅವರ ಸಬ್‌ಡಿವಿಜನ್ನಿನ, ಎಂದರೆ ಬಡಾವಣೆಯ, ಮನೆಮಾಲೀಕರ ಸಂಘದಿಂದ ಪತ್ರ ಬಂತು. ಇಂಥ ವಾಹನ ನಲವತ್ತೆಂಟು ಗಂಟೆಗಿಂತ ಹೆಚ್ಚು ಹೊರಗೆ ನಿಲ್ಲುವಂತಿಲ್ಲ. ಗ್ಯಾರೇಜಿಗೆ ಅದರ ತಲೆ ಹಿಡಿಸುತ್ತಿರಲಿಲ್ಲ. ಅಂಕಲ್ ಒಂದು ಪಾಳಿಪಟ್ಟಿ ಮಾಡಿದರು. ಎರಡು ದಿನ ನೋವೈ, ಎರಡು ದಿನ ದಾವಣಗೆರೆಯವರ ಮನೆ, ಎರಡು ದಿನ ಜಯನಗರದವರ ಮನೆ, ಎರಡು ದಿನ ಟ್ರಾಯ್‌ನಲ್ಲಿ ನಮ್ಮ ಮನೆ. ಮದುವೆಯಾಗದ ಸೋದರತ್ತೆಯ ಹಾಗೆ ಆ ವ್ಯಾನು ಮನೆಯಿಂದ ಮನೆಗೆ ತಿರುಗತೊಡಗಿತು. ಕಣಿವೆಯ ಕಡೆಗೆ ಒಂದು ಮೈಲಿಯೂ ಹೋಗದೆ ಹೈವೇಯಲ್ಲಿ ಮೇಲೆ ಕೆಳಗೆ ಓಡಾಡಿಯೇ ಅದರ ಟೈರು ಸವೆಯಿತು. ಅದನ್ನು ನಡೆಸುವ ಕೆಲಸವನ್ನು ನಾನು ಬೇಡಿ ಪಡೆದೆ. ಕಾರಿಲ್ಲದ ನನಗೆ ಅದೊಂದೇ ಹೊರಗೆ ಹೋಗುವ ದಾರಿ. ಎರಡು ಬರ್ನರಿನ ಒಲೆ, ಹಾಸಿಗೆ, ಪ್ಲಾಸ್ಟಿಕ್ ಪರದೆಯ ಹಿಂದೆ ಟಾಯ್ಲೆಟ್ಟು ಇರುವ ಗಾಡಿಯಲ್ಲಿ ನಾನು ತರಕಾರಿ ತರಲು ಹೋಗುತ್ತಿದ್ದೆ.

ಪ್ರವಾಸವನ್ನು ನಾವು ಯೋಜಿಸಿದ ರೀತಿಯನ್ನು ಸ್ವಲ್ಪ ವಿವರಿಸಬೇಕು. ಬೇರೆಯವರಾಗಿದ್ದರೆ ನಕ್ಷೆ ಹರಡಿಕೊಂಡು ಏನೇನು ನೋಡಬೇಕು ಎಂದು ಬರೆಯುತ್ತಿದ್ದರು. ನಾವು ಏನೇನು ಕೆಡಬಹುದು ಎಂದು ಬರೆದೆವು. ಕಾರು ಉದ್ಯಮದಲ್ಲಿ ಯಾವ ಭಾಗ ಮಾಡಿದರೂ ಮೊದಲು ಒಂದು ಹಾಳೆ ತಯಾರಿಸುತ್ತಾರೆ. ಅದರಲ್ಲಿ ಒಂದೊಂದು ಸಾಲಿಗೆ ಒಂದೊಂದು ಕೇಡು. ಅದು ಆದರೆ ಎಷ್ಟು ಅನಾಹುತ, ಆಗುವ ಸಂಭವ ಎಷ್ಟು, ಆಗುವ ಮುಂಚೆ ನಮಗೆ ತಿಳಿಯದೇ ಹೋಗುವ ಸಾಧ್ಯತೆ ಎಷ್ಟು, ಈ ಮೂರಕ್ಕೂ ಒಂದರಿಂದ ಹತ್ತರವರೆಗೆ ಅಂಕ ಕೊಡಬೇಕು. ಮೂರನ್ನೂ ಗುಣಿಸಿ, ದೊಡ್ಡ ಸಂಖ್ಯೆ ಬಂದ ಕೇಡನ್ನು ಮೊದಲು ಸರಿಪಡಿಸಬೇಕು. ಅಂಕಲ್ ಈ ಹಾಳೆಯ ಪುರೋಹಿತರು. ಅವರ ಕೈಯಲ್ಲಿ ಅಂಕ ಪಡೆಯುವುದು ಸುಲಭವಲ್ಲ. ಅದರಲ್ಲೂ ಯಾವುದಾದರೂ ಕೇಡಿನ ಸಂಭವಕ್ಕೆ 'ಒಂದು' ಎಂದು, ಎಂದರೆ ಆಗುವುದೇ ಇಲ್ಲ ಎಂದು, ಯಾರಾದರೂ ಹೇಳಿದರೆ ಅವರು ಪೆನ್ನು ಕೆಳಗಿಟ್ಟು, "ಎವಿಡೆನ್ಸ್?" ಎನ್ನುತ್ತಿದ್ದರು. ಸಾಕ್ಷಿ ತೋರಿಸದೆ ಒಂದು ಸಿಗುತ್ತಿರಲಿಲ್ಲ.

ಹಾಳೆಯಲ್ಲಿ ಇಕ್ಕಟ್ಟು ಕಣಿವೆಗೆ ದಿಢೀರನೆ ನೀರು ನುಗ್ಗುವುದು ಇತ್ತು. ಬೂಟಿನಲ್ಲಿ ಚೇಳು ಇತ್ತು. ಒಗ್ಗರಣೆಯ ಸಾಸಿವೆ ಸಿಡಿದು ಡ್ರೈವರನ ಕುತ್ತಿಗೆಗೆ ಬೀಳುವುದಿತ್ತು. ಕುಕ್ಕರ್ ಕೂಗಿದ ಹಬೆಗೆ ಹೊಗೆಯ ಅಲಾರಂ ಹೊಡೆದುಕೊಂಡು ಪಾರ್ಕಿನ ಸಿಬ್ಬಂದಿ ಓಡಿಬರುವುದಿತ್ತು. ಆಂಟಿ ಬರೆಸಿದ ಸಾಲು ಒಂದೇ, ಆದರೆ ಅದರ ಗುಣಲಬ್ಧ ಎಲ್ಲಕ್ಕಿಂತ ದೊಡ್ಡದು: ಒಲೆಗೂ ಟಾಯ್ಲೆಟ್ಟಿಗೂ ನಡುವೆ ಒಂದೂವರೆ ಅಡಿ ಅಂತರ. ಅಲ್ಲಿ ಬೇಯಿಸಿದ್ದನ್ನು ದೇವರಿಗೆ ತೋರಿಸುವುದು ಹೇಗೆ? ಜಯನಗರದವರು ಟಾಯ್ಲೆಟ್ಟನ್ನೇ ಬಿಚ್ಚಿ ವ್ಯಾನಿನ ಹಿಂದೆ ಸಣ್ಣ ಟ್ರೇಲರಿನಲ್ಲಿ ಎಳೆದುಕೊಂಡು ಹೋಗುವ ಡ್ರಾಯಿಂಗ್ ತಂದರು. ಮೂರು ಮೀಟಿಂಗ್ ಅದರ ಮೇಲೆಯೇ ನಡೆಯಿತು. ದಾವಣಗೆರೆಯವರು, ಟಾಯ್ಲೆಟ್ಟಿಗೆ ಪ್ರತ್ಯೇಕ ಬ್ರೇಕ್ ಬೇಕೋ ಬೇಡವೋ ಎಂದು ಲೆಕ್ಕ ಹಾಕಿದರು. ಬೇಕಿತ್ತು.

ಏಪ್ರಿಲ್ ಕೊನೆಯಲ್ಲಿ ಬಿಸಿಯ ಪರೀಕ್ಷೆ ನಡೆಯಿತು. ಮರುಭೂಮಿಯಲ್ಲಿ ನೂರಾ ಐದು ಫ್ಯಾರನ್‌ಹೀಟ್, ಎಂದರೆ ನಮ್ಮ ನಲವತ್ತು ಡಿಗ್ರಿ ಇರುತ್ತದೆ, ಆ ಬಿಸಿಯಲ್ಲಿ ಮೊಸರನ್ನ ಎಷ್ಟು ಹೊತ್ತು ತಡೆಯುತ್ತದೆ, ನಾವೆಷ್ಟು ತಡೆಯುತ್ತೇವೆ ಎಂದು ನೋಡಬೇಕಿತ್ತು. ಆ ದಿನ ನೋವೈನಲ್ಲಿ ಅಕಾಲಿಕ ಹಿಮ ಬೀಳುತ್ತಿತ್ತು. ನಾವು ನಾಲ್ವರು ವ್ಯಾನಿನ ಕಿಟಕಿಗಳನ್ನು ಮುಚ್ಚಿ, ಹೀಟರನ್ನು ಪೂರ್ತಿ ತಿರುಗಿಸಿ, ಇನ್ನೆರಡು ಹೀಟರುಗಳಿಗೆ ಗ್ಯಾರೇಜಿನಿಂದ ವೈರು ಎಳೆದುಕೊಂಡು ಕೂತೆವು. ಗಂಡಸರು ಚಡ್ಡಿ ಬನಿಯನ್ನಿನಲ್ಲಿ, ನಾನು ತೆಳ್ಳನೆಯ ಹತ್ತಿ ಚೂಡಿದಾರದಲ್ಲಿ. ನಡುವೆ ಮೊಸರನ್ನದ ಡಬ್ಬ, ಅದರೊಳಗೆ ಥರ್ಮಾಮೀಟರು. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಬೆವರಿ ತೊಪ್ಪೆ. ಪಕ್ಕದ ಮನೆಯ ಅಮೆರಿಕನ್ ಮುದುಕ ಹಿಮ ತಳ್ಳುವ ಸಲಿಕೆ ಹಿಡಿದು ಬಂದು ಗಾಜು ತಟ್ಟಿದ. ಅಂಕಲ್ ಕಿಟಕಿ ಎರಡಿಂಚು ಇಳಿಸಿ, ನಾವು ಈಗ ಅರಿಜೋನಾದಲ್ಲಿದ್ದೇವೆ ಎಂದು ಗಂಭೀರವಾಗಿ ಹೇಳಿ ಮತ್ತೆ ಏರಿಸಿದರು. ಆತ ಸ್ವಲ್ಪ ಹೊತ್ತು ನಿಂತಿದ್ದು, ನಮ್ಮ ಹಿಂದಿನ ಚಕ್ರದ ಸುತ್ತಲಿನ ಹಿಮವನ್ನು ತಳ್ಳಿಕೊಟ್ಟು ಹೋದ.

ಆ ಬೆವರಿನ ನಡುವೆ ಅಂಕಲ್ ಒಂದು ಮಾತು ಹೇಳಿದರು. ಟ್ರಾಯ್ ಪಕ್ಕದ ಆಬರ್ನ್ ಹಿಲ್ಸ್‌ನಲ್ಲಿ ಒಂದು ಟೆಸ್ಟ್ ಲ್ಯಾಬ್. ಹಿಂದೆ ಅವರ ಕೈಕೆಳಗೆ ಕೆಲಸ ಕಲಿತವನೊಬ್ಬ ಅಲ್ಲಿ ಮ್ಯಾನೇಜರ್. ಎಲ್ಲ ಕಡೆ ಜನರನ್ನು ತೆಗೆಯುತ್ತಿರುವಾಗ ಅವನಿಗೆ ಒಬ್ಬರು ಬೇಕಾಗಿದ್ದಾರೆ. ಬಾಳಿಕೆಯ ಪರೀಕ್ಷೆ ಬಲ್ಲವರು, ಯಂತ್ರ ಕಟ್ಟಿ ನಡೆಸಿ ವರದಿ ಬರೆಯುವವರು. ಅದನ್ನು ಎಲ್ಲೂ ಜಾಹೀರು ಮಾಡುವಂತಿಲ್ಲ, ಬಾಯಿಮಾತಿನಲ್ಲೇ ಆಗಬೇಕು. "ಮೇ ತಿಂಗಳು ಮುಗಿಯೋದ್ರೊಳಗೆ ಯಾರಾದ್ರೂ ಇದ್ರೆ ಹೇಳಿ. ಪಾಪ, ಕೆಲಸ ಕಳ್ಕೊಂಡಿರೋರು ಯಾರಿಗಾದ್ರೂ ಆಗ್ಲಿ," ಎಂದರು.

ಅದು ನನ್ನ ಕೆಲಸ. ಅವರು ಹೇಳಿದ ಒಂದೊಂದು ಮಾತೂ ನನ್ನ ರೆಸ್ಯೂಮೆಯಿಂದ ಓದಿದ ಹಾಗಿತ್ತು. ನನ್ನ ಬಾಯಿ ತೆರೆಯಿತು. ಆದರೆ ನನಗೆ ಕೆಲಸ ಇತ್ತಲ್ಲ, ವಾರಕ್ಕೊಂದು ದಿನ ಹೋಗುತ್ತಿದ್ದೆನಲ್ಲ. ಆ ಕಾಲದಲ್ಲಿ ಇರುವ ಕೆಲಸ ಬಿಟ್ಟು ಇನ್ನೊಂದು ಕೇಳುವವರು ಯಾರೂ ಇರಲಿಲ್ಲ. ಕೇಳಿದರೆ ನಿಜ ಹೇಳಬೇಕು. ಹೇಳಿದರೆ ಊಟದ ಸಾಲಿನ ಮಾತು ನನಗೂ ಬರುತ್ತದೆ: ಆರಾಮಾಗಿರು. ಅದಾದ ಮೇಲೆ ಆ ಕೆಲಸ 'ಪಾಪ' ಎನ್ನಿಸಿಕೊಂಡ ಯಾವನಾದರೂ ಗಂಡಸಿಗೇ. ಮೊಸರನ್ನ ಹುಳಿಯಾಗಿದೆಯೇ ಎಂದು ಅಂಕಲ್ ಕೇಳಿದರು. ಆಗಿದೆ ಎಂದೆ.

ದಾವಣಗೆರೆಯವರೂ ಏನೋ ಹೇಳಲು ಹೋಗಿ ಕೆಮ್ಮಿದರು. ಜಯನಗರದವರು ಹೆಡ್‌ಸೆಟ್ಟನ್ನು ಕಿವಿಗೆ ಒತ್ತಿಕೊಂಡರು. ಆಗ ಅದು ಹೀಟರಿನ ಪ್ರಭಾವ ಎಂದುಕೊಂಡಿದ್ದೆ.

ಮುಂದಿನ ನಾಲ್ಕು ವಾರ ಆ ಕೆಲಸ ವ್ಯಾನಿನಲ್ಲೇ ಬಿದ್ದಿತ್ತು. ಪ್ರತಿ ಮೀಟಿಂಗಿನ ಕೊನೆಗೆ ಅಂಕಲ್, ಯಾರಾದರೂ ಸಿಕ್ಕರೇ ಎಂದು ಕೇಳುವರು. ಹುಡುಕುತ್ತಿದ್ದೇವೆ, ಈ ಕಾಲದಲ್ಲಿ ಒಳ್ಳೆಯ ಜನ ಸಿಗುವುದು ಕಷ್ಟ ಎಂದು ನಾವು ಮೂವರೂ ತಲೆಯಾಡಿಸುವೆವು. ಗಂಡನಿಗೆ ಕೋಪ ಬರುವುದು ಅಪರೂಪ, ಅವರೂ ರೇಗಿದರು. ನಾನೇ ಅಂಕಲ್ ಹತ್ತಿರ ಹೇಳಲಾ ಎಂದು ಕೇಳಿದರು. ಬೇಡ ಎಂದೆ. ಹೆಂಡತಿಯ ಪರವಾಗಿ ಗಂಡ ಕೇಳಿದ ಕೆಲಸಕ್ಕೆ ಹೋಗಿ ಕೂರಲು ನನಗೆ ಮನಸ್ಸಿರಲಿಲ್ಲ. ಒಂದು ದಿನ ಧೈರ್ಯ ಮಾಡಿ ಅಂಕಲ್ ಮನೆಗೆ ಫೋನ್ ಮಾಡಿದೆ. ಆಂಟಿ ಎತ್ತಿದರು. ನಾನು ಉಪ್ಪಿಟ್ಟಿನ ರವೆ ಯಾವ ಅಂಗಡಿಯದು ಚೆನ್ನಾಗಿರುತ್ತದೆ ಎಂದು ಕೇಳಿ ಇಟ್ಟುಬಿಟ್ಟೆ. ಆ ರವೆ ನಮ್ಮ ಮನೆಯಲ್ಲಿ ಆಗಲೇ ಎರಡು ಪ್ಯಾಕೆಟ್ ಇತ್ತು.

ಮೇ ತಿಂಗಳ ಕೊನೆಯ ಮಂಗಳವಾರ. ವ್ಯಾನು ನಮ್ಮ ಡ್ರೈವ್‌ವೇಯಲ್ಲಿತ್ತು, ಹೊರಗೆ ಜಿಟಿಜಿಟಿ ಮಳೆ. ಅಂಕಲ್ ಡ್ರೈವರ್ ಸೀಟನ್ನು ಹಿಂದಕ್ಕೆ ತಿರುಗಿಸಿಕೊಂಡು ಹಾಳೆ ಹಿಡಿದು ಕೂತಿದ್ದರು. ದಾವಣಗೆರೆಯವರು ಹಾಸಿಗೆಯ ಅಂಚಿನಲ್ಲಿ, ನಾನು ಒಲೆಯ ಪಕ್ಕದ ಸ್ಟೂಲಿನಲ್ಲಿ. ಜಯನಗರದವರು ಬೇರೆ ಜಾಗವಿಲ್ಲದೆ ಪರದೆ ಸರಿಸಿ ಟಾಯ್ಲೆಟ್ಟಿನ ಮುಚ್ಚಳದ ಮೇಲೆ ಕೂತಿದ್ದರು. ಆಂಟಿ ನಮ್ಮ ಅಡುಗೆಮನೆಯಲ್ಲಿ ಚಿತ್ರಾನ್ನ ಕಲಸುತ್ತಿದ್ದರು.

ಹಿಂದಿನ ವಾರ ಜಯನಗರದವರು, ಒಂದು ಮುಖ್ಯ ಕೇಡನ್ನೇ ಬಿಟ್ಟಿದ್ದೇವೆ ಎಂದು ಹೊಸ ಸಾಲೊಂದನ್ನು ಸೇರಿಸಿದ್ದರು. ಪದ್ಧತಿಯಂತೆ ಕೆಲಸ ಮಾಡುವವರು, ಸೇರಿಸುವಾಗ ಮುಂದೇನಾಗುತ್ತದೆ ಎಂದು ಯೋಚಿಸಿರಲಿಲ್ಲ. ಅಂಕಲ್ ಅದನ್ನು ಓದಿದರು: ಕೊನೆಯ ಗಳಿಗೆಯಲ್ಲಿ ಆಫೀಸಿನವರು ಯಾರಾದರೊಬ್ಬರ ರಜೆ ರದ್ದು ಮಾಡುವುದು. ಹಾಗಾದರೆ ಅನಾಹುತ ಎಷ್ಟು? ಪ್ರವಾಸವೇ ನಿಲ್ಲುತ್ತದೆ, ಹತ್ತು. ಸಂಭವ ಎಷ್ಟು? ಅದನ್ನು ಒಬ್ಬೊಬ್ಬರೇ ಹೇಳಬೇಕು.

"ಒಂದು," ಎಂದರು ದಾವಣಗೆರೆಯವರು.

"ಒಂದು," ಎಂದರು ಜಯನಗರದವರು.

ಅಂಕಲ್ ಪೆನ್ನು ಕೆಳಗಿಟ್ಟರು. "ರೀ ಸ್ವಾಮಿ, ಈ ಕಾಲದಲ್ಲಿ? ಜುಲೈನಲ್ಲಿ? ಎರಡು ವಾರ? ನಿಮ್ ಬಾಸು ರಜ ಕ್ಯಾನ್ಸಲ್ ಮಾಡೋದೇ ಇಲ್ಲ ಅಂತ ಹೇಗೆ ಹೇಳ್ತೀರಿ? ಎವಿಡೆನ್ಸ್?"

ಮಳೆ ವ್ಯಾನಿನ ತಗಡಿನ ಮೇಲೆ ಬೀಳುತ್ತಿತ್ತು. ಎರಡು, ಮೂರು ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಕೆ ಸಾಕ್ಷಿ ಬೇಕಿರಲಿಲ್ಲ. ಆದರೆ ಇಪ್ಪತ್ತು ವರ್ಷ ಬ್ರೇಕು ಮಾಡಿದ ಮನುಷ್ಯ ಹಾಳೆಯಲ್ಲಿ ತಪ್ಪು ಅಂಕ ಬರೆಸಲಾರ. ದೇವಸ್ಥಾನದಲ್ಲಿ ಎಷ್ಟು ಬೇಕಾದರೂ ಸುಳ್ಳು ಹೇಳಿಯಾನು, ಆ ಹಾಳೆಯ ಮುಂದೆ ಆಗುವುದಿಲ್ಲ. ಇದು ನಮ್ಮ ಕಸುಬಿನ ಹುಚ್ಚು.

ದಾವಣಗೆರೆಯವರು ನೆಲ ನೋಡುತ್ತಾ ಹೇಳಿದರು: "ಎವಿಡೆನ್ಸ್ ಏನ್ ಕೊಡ್ಲಿ ಸರ್. ಮಾರ್ಚ್‌ನಾಗೆ ನನ್ ಬ್ಯಾಡ್ಜ್ ಇಸ್ಕೊಂಡು ಕಳ್ಸಿದಾರೆ. ಇನ್ ಕ್ಯಾನ್ಸಲ್ ಮಾಡಾಕೆ ಯಾವ ರಜ ಐತಿ."

ಅಂಕಲ್ ನಿಧಾನವಾಗಿ 'ಒಂದು' ಎಂದು ಬರೆದರು. ಆಮೇಲೆ ಜಯನಗರದವರ ಕಡೆ ನೋಡಿದರು. ಅವರು ಕೊರಳಿನಿಂದ ಹೆಡ್‌ಸೆಟ್ ತೆಗೆದರು. ಅದರ ವೈರಿನ ತುದಿ ಎಲ್ಲಿಗೂ ಸಿಕ್ಕಿಸಿರಲಿಲ್ಲ, ಬರೀ ಜೇಬಿನಲ್ಲಿತ್ತು. ಜನವರಿ, ಎಂದರು. ಅಂಕಲ್ ಅದನ್ನೂ ಬರೆದುಕೊಂಡರು. ಬರೆದು, ಕನ್ನಡಕ ತೆಗೆದು ಒರೆಸಿ, ತಮ್ಮ ಹೆಸರಿನ ಮುಂದೆಯೂ ಒಂದು ಹಾಕಿದರು. ಮೂವತ್ತು ವರ್ಷ ದುಡಿದ ಕಂಪನಿ ಅವರನ್ನು ಬಲವಂತದಿಂದ ನಿವೃತ್ತಿ ಮಾಡಿತ್ತು. ಊಟಕ್ಕೆ ಕರೆದು ಗೋಡೆ ಗಡಿಯಾರ ಕೊಟ್ಟಿದ್ದರಂತೆ. ಖಾಲಿ ಮಾಡಲು ಯಾವ ರಜೆಯೂ ಇರಲಿಲ್ಲ.

ಆಮೇಲೆ ಸಾವಿನ ಮನೆಯ ಮಾತುಗಳು ಶುರುವಾದವು. ಅಂಕಲ್ ಇಬ್ಬರ ಭುಜದ ಮೇಲೂ ಕೈಯಿಟ್ಟರು. ಮೊದಲೇ ಹೇಳಬಾರದಿತ್ತೇ, ಆಬರ್ನ್ ಹಿಲ್ಸ್ ಕೆಲಸ ಕೈಯಲ್ಲೇ ಇತ್ತಲ್ಲ ಎಂದರು. ಇಬ್ಬರು ಮಕ್ಕಳಿರುವವರು ದಾವಣಗೆರೆಯವರು, ಅವರಿಗೇ ಆಗಲಿ, ಈಗಲೇ ಫೋನ್ ಮಾಡುತ್ತೇನೆ ಎಂದು ಜೇಬಿಗೆ ಕೈಹಾಕಿದರು. ಜಯನಗರದವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು. ಫೋನ್ ಕೈಗೆ ಬಂದಿತ್ತು. ಆಗ ಅಂಕಲ್‌ಗೆ ಹಾಳೆ ಪೂರ್ತಿಯಾಗಿಲ್ಲ ಎಂದು ನೆನಪಾಯಿತು. ನನ್ನ ಕಡೆ ತಿರುಗಿ, "ನಿಂದು ಐದು ಹಾಕೋಣ್ವಾಮ್ಮ? ನಿನಗೊಬ್ಬಳಿಗೇ ಆಫೀಸ್ ಅಂತ ಇರೋದು," ಎಂದರು.

"ನಂದೂ ಒಂದ ಹಾಕ್ರಿ, ಅಂಕಲ್," ಎಂದೆ. "ಫೆಬ್ರವರಿ."

ಮೂವರೂ ನನ್ನನ್ನು ನೋಡಿದರು. ಅಂಕಲ್ ಮುಖ ಸಡಿಲವಾಯಿತು. ಅವರಿಗೆ ನಿಜವಾಗಿಯೂ ಸಮಾಧಾನವಾಗಿತ್ತು. "ಅಯ್ಯೋ, ಹೋಗ್ಲಿ ಬಿಡಮ್ಮ. ನಿನಗೇನು ಯೋಚನೆ, ಯಜಮಾನ್ರ ಕೆಲಸ ಇದ್ಯಲ್ಲ. ಸ್ವಲ್ಪ ದಿನ ಆರಾಮಾಗಿರು."

ಮೂರು ತಿಂಗಳು ಯಾವ ಮಾತಿಗೆ ಹೆದರಿ ತರಕಾರಿಗೂ ಟಾಯ್ಲೆಟ್ ಸಮೇತ ಓಡಾಡಿದ್ದೆನೋ ಆ ಮಾತು ಬಂದೇಬಿಟ್ಟಿತು. ಬಂದ ಮೇಲೆ ನೋಡಿದರೆ ಅಷ್ಟೇನೂ ದೊಡ್ಡದಿರಲಿಲ್ಲ. ಒಲೆಯನ್ನು ಹಿಡಿದು ಎದ್ದು ನಿಂತೆ. ತಲೆ ಮೇಲಿನ ತಗಡಿಗೆ ಬಡಿಯಿತು, ಹಾಗಾಗಿ ಅರ್ಧ ಬಗ್ಗಿಯೇ ಹೇಳಬೇಕಾಯಿತು.

"ನಾ ಆರಾಮ ಇರಾಕಂತ ಓದಿಲ್ರಿ. ಆ ಕೆಲಸ ನಂದೈತಿ. ಏಳು ವರ್ಷ ಅದನ್ನ ಮಾಡೀನಿ. ಇವರ ಮಕ್ಕಳ ಲೆಕ್ಕ, ನನ್ನ ಗಂಡನ ಲೆಕ್ಕ ತಗೋಬ್ಯಾಡ್ರಿ. ಎವಿಡೆನ್ಸ್ ತಗೋರಿ."

ಅಂಕಲ್ ಫೋನನ್ನು ಮತ್ತೆ ಜೇಬಿಗೆ ಹಾಕಿದರು. ಆ ಶಬ್ದವನ್ನು ಅವರ ಮೇಲೇ ತಿರುಗಿಸಿದವರು ಅದುವರೆಗೆ ಯಾರೂ ಇರಲಿಲ್ಲವೆಂದು ಕಾಣುತ್ತದೆ. ಒಂದು ಹೊಸ ಹಾಳೆ ತೆಗೆದರು. ಗೆರೆ ಎಳೆದರು. ಮೂರು ಸಾಲು, ನಾವು ಮೂವರು. ಒಬ್ಬೊಬ್ಬರನ್ನು ತೆಗೆದುಕೊಂಡರೆ ಲ್ಯಾಬಿನಲ್ಲಿ ಏನೇನು ಕೆಡಬಹುದು ಎಂದು ಅಂಕ ಹಾಕತೊಡಗಿದರು. ಹೀಗೆ ಒಂದು ಕೆಲಸವನ್ನು ಹಂಚಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಜಯನಗರದವರು ತಮ್ಮ ಕಾರಣದಿಂದ ಯಂತ್ರ ಕೆಡುವ ಸಂಭವಕ್ಕೆ ತಾವೇ ಏಳು ಕೊಟ್ಟುಕೊಂಡರು. ದಾವಣಗೆರೆಯವರಿಗೆ ಅಂಕಲ್ ನಾಲ್ಕು ಎಂದಾಗ ಅವರು ಒಪ್ಪಲಿಲ್ಲ. ಲ್ಯಾಬಿನಲ್ಲಿ ಒಂದು ದಿನವೂ ಕೆಲಸ ಮಾಡಿದವನಲ್ಲ, ಎಂಟು ಹಾಕಿ ಎಂದರು. ಅಂಕಲ್ ಆರಕ್ಕೆ ಇಳಿಸಲು ನೋಡಿದರು. ಅವರು ಜಗಳವನ್ನೇ ಆಡಿದರು. ಕೆಲಸ ಇಲ್ಲದ ಮನುಷ್ಯ ತನಗೆ ಕೆಲಸ ಸಿಗದಂತೆ ಇಷ್ಟು ನಿಷ್ಠೆಯಿಂದ ಹೊಡೆದಾಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಒಂದೊಂದು ಸಲ ಬೇರೇನೋ ಬರುತ್ತದೆ.

ನನ್ನ ಸಾಲಿಗೆ ಬಂದಾಗ ಆಂಟಿ ಚಿತ್ರಾನ್ನದ ಪಾತ್ರೆ ಹಿಡಿದು ಮಳೆಯಲ್ಲಿ ಬಂದು ಬಾಗಿಲು ಎಳೆದರು. ವಿಷಯ ತಿಳಿಯಲು ಅವರಿಗೆ ಅರ್ಧ ನಿಮಿಷ ಸಾಕಾಯಿತು. ಅಂಕಲ್ ಮನೆಯಲ್ಲಿ ಕೂತ ಮೇಲೆ ಮಸಾಲೆ ಡಬ್ಬಗಳನ್ನು ಬಳಕೆಯ ಪ್ರಮಾಣದ ಮೇಲೆ ಮೂರು ಸಲ ಜೋಡಿಸಿದ್ದರಂತೆ. ಆಂಟಿಗೆ ಇಂಗು ಸಿಗುತ್ತಿರಲಿಲ್ಲವಂತೆ.

"ಆರಾಮು ಅಂದ್ರೇನು ಅಂತ ನಾಲ್ಕು ತಿಂಗಳಿಂದ ನಿಮ್ಮನ್ನೇ ನೋಡ್ತಿದೀನಲ್ಲ," ಎಂದು ಅಂಕಲ್‌ಗೆ ಹೇಳಿದರು. "ಆ ಹುಡುಗಿಗೆ ಯಾಕೆ ಆ ಶಾಪ. ಮೊದ್ಲು ಫೋನ್ ಮಾಡಿ, ಆಮೇಲೆ ತಟ್ಟೆ."

ಅಂಕಲ್ ಫೋನ್ ಮಾಡಿ ನನ್ನ ಹೆಸರು ಹೇಳಿದರು.

ಎರಡು ದಿನ ಬಿಟ್ಟು ಇಂಟರ್‌ವ್ಯೂ. ಗಂಡನಿಗೆ ಆಫೀಸಿನಲ್ಲಿ ಮೀಟಿಂಗ್ ಇದ್ದುದರಿಂದ ಕಾರು ಸಿಗಲಿಲ್ಲ. ಕ್ಯಾಂಪರ್ ವ್ಯಾನಿನಲ್ಲೇ ಆಬರ್ನ್ ಹಿಲ್ಸ್‌ಗೆ ಹೋದೆ. ಹೋಗುವ ದಾರಿಯಲ್ಲಿ ಮೇಲಿನ ಕಪಾಟು ತೆರೆದುಕೊಂಡು ಸಾಸಿವೆ ಡಬ್ಬ ಬಿತ್ತು. ಇಸ್ತ್ರಿ ಮಾಡಿದ ಕೋಟಿನ ಮಡಿಕೆಗಳಲ್ಲಿ ಸಾಸಿವೆ ಇಟ್ಟುಕೊಂಡೇ ಆ ಮ್ಯಾನೇಜರನ ಎದುರು ಕೂತೆ. ಯಂತ್ರಗಳ ಬಗ್ಗೆ ಒಂದು ತಾಸು ಕೇಳಿದ, ಹೇಳಿದೆ. ಕೊನೆಗೆ, ಫೆಬ್ರವರಿಯಿಂದ ಏನು ಮಾಡುತ್ತಿದ್ದಿ ಎಂದು ಕೇಳಿದ. ಸುಳ್ಳು ಹೇಳಿ ಹೇಳಿ ನನಗೆ ಸಾಕಾಗಿತ್ತು. ಹಿಮದಲ್ಲಿ ಕೂತು ಮೊಸರನ್ನ ಬಿಸಿ ಮಾಡಿದ್ದನ್ನೂ, ಟಾಯ್ಲೆಟ್ಟಿಗೆ ಬ್ರೇಕ್ ಲೆಕ್ಕ ಹಾಕಿದ್ದನ್ನೂ ಇದ್ದಹಾಗೆ ಹೇಳಿದೆ. ಆತ ನಗಲಿಲ್ಲ. ಎಷ್ಟು ಹೊತ್ತಿಗೆ ಹುಳಿಯಾಯಿತು ಎಂದು ಕೇಳಿ, ನಾನು ಹೇಳಿದ್ದನ್ನು ಬರೆದುಕೊಂಡ. ಅಂಕಲ್ ಕೈಯಲ್ಲಿ ಪಳಗಿದವನೇ, ಅನುಮಾನವಿಲ್ಲ.

ಕೆಲಸ ಕೊಟ್ಟ. ಸೋಮವಾರದಿಂದಲೇ ಬರಬೇಕು, ಮೊದಲ ಆರು ತಿಂಗಳು ರಜೆ ಇಲ್ಲ ಎಂದ. ಅವನು ವಾಕ್ಯ ಮುಗಿಸುವ ಮೊದಲೇ ಆಗಲಿ ಎಂದೆ.

ಸಂಜೆ ವ್ಯಾನನ್ನು ನೋವೈಗೆ ಬಿಡಲು ಹೋದಾಗ ಅಂಕಲ್ ಡ್ರೈವ್‌ವೇಯಲ್ಲೇ ಕಾಯುತ್ತಿದ್ದರು. ರಜೆಯ ಸಂಗತಿ ಹೇಳಿದೆ. ಅವರು ಸವೆದ ಚಕ್ರವೊಂದನ್ನು ಕಾಲಿನಿಂದ ಒತ್ತಿ ನೋಡಿದರು. ಹೋದರೆ ಎಲ್ಲರೂ ಹೋಗಬೇಕು, ಇಲ್ಲದಿದ್ದರೆ ಯಾರೂ ಇಲ್ಲ, ಮುಂದಿನ ವರ್ಷ ನೋಡೋಣ ಎಂದರು. ಮುಂದಿನ ವರ್ಷದೊಳಗೆ ದಾವಣಗೆರೆಯವರಿಗೆ ಓಹಾಯೋದಲ್ಲಿ ಕೆಲಸ ಸಿಕ್ಕಿತು, ಜಯನಗರದವರು ಬ್ಯಾಟರಿ ಕಂಪನಿಗೆ ಸೇರಿದರು. ಅಂಕಲ್ ಕಾಲೇಜೊಂದರಲ್ಲಿ ಪಾಠ ಹೇಳಲು ಹೋಗತೊಡಗಿದರು. ಆಂಟಿಗೆ ಇಂಗು ಸಿಕ್ಕಿತು. ಒಬ್ಬರಿಗೆ ರಜೆ ಸಿಕ್ಕರೆ ಇನ್ನೊಬ್ಬರಿಗೆ ಇಲ್ಲ. ನಾವು ನಾಲ್ವರೂ ಒಟ್ಟಿಗೆ ಬಿಡುವಾಗಿದ್ದದ್ದು ಯಾರಿಗೂ ಕೆಲಸವಿಲ್ಲದ ಆ ಒಂದು ವಸಂತದಲ್ಲಿ ಮಾತ್ರ, ಅದನ್ನು ನಾವು ಯೋಜನೆಯಲ್ಲೇ ಕಳೆದೆವು.

ಆ ಸಂಜೆ ಅಂಕಲ್ ತಮ್ಮ ಕಾರಿನಲ್ಲಿ ನನ್ನನ್ನು ಟ್ರಾಯ್‌ಗೆ ಬಿಡಲು ಹೊರಟರು. ದಾರಿಯಲ್ಲಿ ಕೇಳಿದರು: "ಬೇಜಾರಾಯ್ತೇನಮ್ಮ, ಕಣಿವೆ ತಪ್ಪಿಹೋಯ್ತು ಅಂತ?"

ಇಲ್ಲ ಎಂದೆ. ನಿಜ ಹೇಳಬೇಕೆಂದರೆ ಆಗ ನನ್ನ ತಲೆಯಲ್ಲಿ ಕಣಿವೆ ಇರಲೇ ಇಲ್ಲ. ಸೋಮವಾರ ಬೆಳಿಗ್ಗೆ ಏಳಕ್ಕೆ ಲ್ಯಾಬಿನಲ್ಲಿರಬೇಕು, ಮುಂದೆ ಉಕ್ಕಿನ ತಗಡಿರುವ ನನ್ನ ಸುರಕ್ಷತಾ ಬೂಟುಗಳನ್ನು ಎಲ್ಲಿಟ್ಟಿದ್ದೇನೆ ಎಂದು ಯೋಚಿಸುತ್ತಿದ್ದೆ.